ಕಂಡೆನ್ಸರಿನ ನಡುಸಾಲು

ಮಾರ್ಚ್ ೩, ಮಂಗಳವಾರ

ಯಾರ ಮೇಲಾದರೂ ರೇಗಲೇಬೇಕು. ಮನೆಯಲ್ಲಿ ರೇಗುವ ಹಾಗಿಲ್ಲ. ಅಪ್ಪ ಹಾಸಿಗೆ ಹಿಡಿದಿದ್ದಾನೆ, ಅವನ ತಂಗಿಗೆ, ಅಂದರೆ ನನ್ನ ಅತ್ತೆಗೆ, ನನಗಿಂತ ದೊಡ್ಡ ಬಾಯಿ. ಗಿರಣಿಯಲ್ಲಿ ರೇಗಿದರೆ "ಹೆಂಗಸಲ್ವಾ, ಅದಕ್ಕೇ" ಅನ್ನುತ್ತಾರೆ. ಹಾಗಾಗಿ ಈ ಪುಸ್ತಕವೇ ಗತಿ.

ಗಿರಣಿಯ ಯಜಮಾನರಿಗೆ ಇವತ್ತು ಮತ್ತೆ ಮೊದಲಿಂದ ಪಾಠ. ಎಂಜಿನ್ನನ್ನು ತಳ್ಳಿ ಮುಗಿಸಿದ ಹಬೆ ಆಚೆ ಬಂದು ಈ ದೊಡ್ಡ ಕಬ್ಬಿಣದ ಡ್ರಮ್ಮಿಗೆ ಇಳಿಯುತ್ತದೆ, ಇದೇ ಕಂಡೆನ್ಸರ್. ಒಳಗೆ ಸಾಲುಸಾಲು ಹಿತ್ತಾಳೆ ಟ್ಯೂಬು, ಟ್ಯೂಬಿನೊಳಗೆ ತಣ್ಣೀರು. ಟ್ಯೂಬಿಗೆ ತಾಗಿದ ಕೂಡಲೇ ಹಬೆ ಕುಗ್ಗಿ ನೀರಾಗುತ್ತದೆ, ಅದಿದ್ದ ಜಾಗ ಖಾಲಿಯಾಗುತ್ತದೆ, ಆ ಖಾಲಿ ಜಾಗ ಎಂಜಿನ್ನಿನ ಪಿಸ್ಟನ್ನನ್ನು ಇತ್ತ ಕಡೆಯಿಂದ ಎಳೆಯುತ್ತದೆ. ಪುಕ್ಕಟೆ ಬಲ. ಯಜಮಾನರು ಎಲ್ಲದಕ್ಕೂ ತಲೆಯಾಡಿಸಿ, ಕೊನೆಗೆ ಗೇಜಿಗೆ ಬೆರಳು ತೋರಿಸಿದರು.

"ಎಲ್ಲಾ ಸರಿ. ಆದ್ರೆ ನಿಮ್ಮ ಮುಳ್ಳು ಇಪ್ಪತ್ತೊಂದು ಬಿಟ್ಟು ಮೇಲೇಳಲ್ವಲ್ಲ?"

ಏಳುವುದಿಲ್ಲ, ನಿಜ. ಒಳಗೆ ಖಾಲಿ ಎಷ್ಟಾಗಿದೆ ಎಂದು ತೋರಿಸುವ ಆ ಮುಳ್ಳು ಇಪ್ಪತ್ತಾರಕ್ಕೆ ಹೋದರೆ ಕೊನೆಯ ಶೆಡ್ಡಿನ ಮಗ್ಗಗಳೂ ಚುರುಕಾಗುತ್ತವೆ. ಈಗ ಅವು ಊಟ ಮಾಡಿ ಎದ್ದವರ ಹಾಗೆ ತೂಕಡಿಸುತ್ತಿವೆ.

"ತಿಂಗಳ ಕೊನೆಗೆ ಕಂಡೆನ್ಸರ್ ಮಾರೋ ಕಂಪನಿಯವನು ಬರ್ತಾನೆ. ಅಷ್ಟರೊಳಗೆ ಇಪ್ಪತ್ತಾರು ತೋರಿಸಿದ್ರೆ ಸರಿ. ಇಲ್ಲಾಂದ್ರೆ ಹೊಸದು ತರಿಸ್ತೀನಿ, ಇದು ಗುಜರಿಗೆ" ಅಂದರು.

'ಇದು' ಅಂದರೆ ಅಪ್ಪನ ಕಂಡೆನ್ಸರ್. ನಕ್ಷೆ ಬರೆದವನು ಅವನು, ತೂತು ಕೊರೆದವನು ಅವನು, ಒಂದೊಂದು ಟ್ಯೂಬನ್ನೂ ಕೈಯಾರೆ ಕೂರಿಸಿದವನು ಅವನು. ಕಳೆದ ವರ್ಷ ಲಕ್ವ ಹೊಡೆದು ಬಲಗಡೆ ಬಿದ್ದುಹೋದ ಮೇಲೆ ಎಂಜಿನ್ ಮನೆ ನನ್ನ ತಲೆಗೆ ಬಂತು. ಹೆಸರು ಅವನಿಗೆ, ಬೈಗುಳ ನನಗೆ.

ಮನೆಗೆ ಬಂದು ಅಡುಗೆಮನೆಯಲ್ಲೇ ಕೂತೆ. ಅಪ್ಪನ ಕೋಣೆಗೆ ಹೋದರೆ ಮತ್ತದೇ ವಿಚಾರಣೆ. ಹೋಗದೆ ಇರಲೂ ಆಗಲಿಲ್ಲ. ಹೇಳಿದೆ. ಎಡಗೈಯ ಎರಡು ಬೆರಳು ಎತ್ತಿದ. ಮಾತು ಈಗ ತುಂಡುತುಂಡು.

"ಎರಡು ಸಾಲು. ಮೇಲೆ. ಜಾಗ ಇದೆ."

"ಇರೋದೇ ಸಾಕಷ್ಟಿಲ್ವಾ ಅಪ್ಪ?"

"ಹಾಕು."

ಹಾಕು ಅಂದರೆ ಹಾಕಬೇಕು. ಆಳಿಗೆ ಹೇಳಿದ ಹಾಗೆ.

ಮಾರ್ಚ್ ೬, ಶುಕ್ರವಾರ

ಕಂಡೆನ್ಸರ್ ಬಿಚ್ಚಿದಾಗಲೆಲ್ಲ ಹಬೆಯನ್ನು ನೇರ ಮಾಡಿನ ಮೇಲಿನ ಪೈಪಿಗೆ ಬಿಟ್ಟು ಗಿರಣಿ ಓಡಿಸುತ್ತೇವೆ. ಯಜಮಾನರು ಅಂಗಳದಲ್ಲಿ ನಿಂತು ಬಿಳಿ ಹಬೆ ಮೇಲೆ ಹೋಗುವುದನ್ನು ನೋಡುತ್ತಾರೆ, ತಮ್ಮ ಕಲ್ಲಿದ್ದಲು ಕೈಬೀಸಿ ಹೋಗುತ್ತಿದೆಯೋ ಎಂಬಂತೆ.

ಫಿಟ್ಟರ್ ನಿಧಾನಪ್ಪನ ಜೊತೆ ತೂತು ಕೊರೆಯುವ ಕೆಲಸ. ಅವನಿಗೆ ಈ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಕಣ್ಣಿದ್ದವರು. ಸ್ಪ್ಯಾನರ್ ಕೇಳಿದರೆ ಮೊದಲು ಅದನ್ನು ಒರೆಸುತ್ತಾನೆ, ಆಮೇಲೆ ನೋಡುತ್ತಾನೆ, ಆಮೇಲೆ ಕೊಡುತ್ತಾನೆ. ನಾನು ಮೈ ಪರಚಿಕೊಳ್ಳುವಷ್ಟು ಹೊತ್ತು ಹಿಡಿಯಿತು.

"ಅವಸರ ಮಾಡಿದ್ರೆ ಸೋರುತ್ತೆ ಅಕ್ಕಾ" ಅಂದ.

"ನಿಧಾನ ಮಾಡಿದ್ರೆ ಗುಜರಿಗೆ ಹೋಗುತ್ತೆ" ಅಂದೆ. ಅವನು ಅದನ್ನೂ ನಿಧಾನವಾಗಿ ಯೋಚಿಸಿದ.

ಮಾರ್ಚ್ ೧೦, ಮಂಗಳವಾರ

ಎರಡು ಸಾಲು ಹೆಚ್ಚಿಗೆ ಕೂತವು. ಎಂಜಿನ್ ಶುರು ಮಾಡಿದೆವು. ಮುಳ್ಳು ಇಪ್ಪತ್ತು.

ಇಪ್ಪತ್ತು! ಇದ್ದದ್ದಕ್ಕಿಂತ ಕಡಿಮೆ! ತಣ್ಣನೆ ಟ್ಯೂಬು ಹೆಚ್ಚಾದರೆ ಹಬೆ ಹೆಚ್ಚು ಕುಗ್ಗಬೇಕು. ಇದಕ್ಕೆ ಎಂಜಿನಿಯರ್ ಬೇಕಾಗಿಲ್ಲ, ಯಾರಿಗೂ ತಿಳಿಯುತ್ತದೆ. ಗೇಜನ್ನು ಬೆರಳಿಂದ ತಟ್ಟಿದೆ, ಬೇರೆ ಗೇಜು ಹಾಕಿದೆ, ಅದೂ ಇಪ್ಪತ್ತೇ ಅಂತು. ನಿಧಾನಪ್ಪ ನನ್ನ ಮುಖ ನೋಡಿ ಮೊದಲ ಸಲ ಬೇಗ ಆಚೆ ಹೋದ.

ಅಪ್ಪನಿಗೆ ಹೇಳಿದೆ. ನಂಬಲಿಲ್ಲ. "ಗಾಳಿ" ಅಂದ. ಎಲ್ಲೋ ಸಂದಿಯಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತಿದೆ, ನೀನು ಸರಿಯಾಗಿ ಮುಚ್ಚಿಲ್ಲ ಎಂದು ಅರ್ಥ. ನನ್ನದೇ ತಪ್ಪು, ಇನ್ನೇನು.

ಮಾರ್ಚ್ ೧೧, ಬುಧವಾರ

ಹತ್ತೊಂಬತ್ತೂವರೆ. ಬರೆಯಲು ಮನಸ್ಸಿಲ್ಲ.

ಮಾರ್ಚ್ ೧೪, ಶನಿವಾರ

ಮೇಣದಬತ್ತಿ ಹಿಡಿದು ಕಂಡೆನ್ಸರಿನ ಸುತ್ತ ಸುತ್ತಿದ್ದಾಯಿತು. ಗಾಳಿ ಒಳಗೆ ಹೋಗುವ ಕಡೆ ಜ್ವಾಲೆ ಅತ್ತ ಬಾಗುತ್ತದೆ, ಅಲ್ಲಿ ಸಂದಿ ಮುಚ್ಚುವ ಸೀಸದ ಬಿಳಿ ಲೇಪ ಮೆತ್ತಬೇಕು. ಎಲ್ಲ ಕಿಟಕಿ ಬಾಗಿಲು ಮುಚ್ಚಿಸಿ, ಯಾರೂ ಓಡಾಡಬೇಡಿ ಎಂದು ಕೂಗಿ, ಒಂದೊಂದು ಬೋಲ್ಟಿನ ಹತ್ತಿರವೂ ಉಸಿರು ಬಿಗಿಹಿಡಿದು ಹೋದೆ. ಜ್ವಾಲೆ ಬಾಗಿತು ಎಂದು ಖುಷಿಪಟ್ಟರೆ ಹಿಂದೆ ನಿಧಾನಪ್ಪ ಸೀನಿದ್ದ.

ಎರಡು ಕಡೆ ನಿಜಕ್ಕೂ ಸೋರಿಕೆ ಸಿಕ್ಕಿತು. ಮೆತ್ತಿದೆವು. ಇಪ್ಪತ್ತು. ಇಷ್ಟಕ್ಕೆ ಮೂಗಿನ ತುಂಬ ಮೇಣದ ಹೊಗೆ.

ಸಂಜೆ ಅತ್ತೆ, "ನಿಮ್ಮಪ್ಪ ಬೆಳಿಗ್ಗೆಯಿಂದ ಕಿಟಕಿ ನೋಡ್ತಾ ಇದ್ದ, ನೀನು ನೇರ ಹಿತ್ತಲಿಗೆ ಹೋದೆ" ಅಂದಳು.

"ಕೈ ತೊಳೀಬಾರದಾ?"

"ತೊಳಿ ತೊಳಿ. ಕಂಡೆನ್ಸರ್ ಮುಖ ನೋಡೋದಕ್ಕೆ ದಿನವೆಲ್ಲ ಇದೆ, ಅಪ್ಪನ ಮುಖ ನೋಡೋದಕ್ಕೆ ಹೊತ್ತಿಲ್ಲ."

ಅವಳ ಬಾಯಿಗೆ ಸೀಸದ ಬಿಳಿ ಮೆತ್ತಬೇಕು.

ಮಾರ್ಚ್ ೧೫, ಭಾನುವಾರ

ಅಪ್ಪನಿಗೆ ಗಂಜಿ ಕುಡಿಸುವ ಸರದಿ ನನ್ನದು. ಅರ್ಧ ಒಳಗೆ, ಅರ್ಧ ಗಲ್ಲದ ಮೇಲೆ. ಅವನಿಗೆ ಗಂಜಿಯ ಕಡೆ ಗಮನವಿಲ್ಲ, ಕಂಡೆನ್ಸರ್ ಬಿಟ್ಟು ಬೇರೆ ಮಾತಿಲ್ಲ. ಮಾತಾಡಿದರೆ ಗಂಜಿ ಹೊರಗೆ ಬರುತ್ತದೆ. "ಬಾಯಿ ಮುಚ್ಚು ಅಪ್ಪ" ಅಂದುಬಿಟ್ಟೆ. ಮುಚ್ಚಿದ. ಆಮೇಲೆ ಸಂಜೆಯವರೆಗೂ ಮುಚ್ಚಿಕೊಂಡೇ ಇದ್ದ.

ಅವನು ಮಾತಾಡದಿದ್ದರೆ ಸದ್ಯ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಕೊನೆಗೆ ನಾನೇ ಅವನ ಹಳೆಯ ಸ್ಲೇಟು ಹುಡುಕಿ ತಂದು ತೊಡೆಯ ಮೇಲಿಟ್ಟು, ಟ್ಯೂಬುಗಳ ಸಾಲು ಬರೆದು, "ಈಗ ಹೇಳು, ಎಲ್ಲಿ ಎಡವಿದ್ದೀವಿ?" ಅಂದೆ. ಎಡಗೈಯಲ್ಲಿ ಬಳಪ ಹಿಡಿದು ಟ್ಯೂಬುಗಳ ಮೇಲೆಲ್ಲ ಗೀಚಿದ. "ಎಣ್ಣೆ" ಅಂದ. ಎಂಜಿನ್ನಿಗೆ ಹಾಕಿದ ಎಣ್ಣೆ ಹಬೆಯ ಜೊತೆ ಬಂದು ಟ್ಯೂಬುಗಳಿಗೆ ಅಂಟಿರಬಹುದು. ಎಣ್ಣೆ ಅಂಟಿದ ಟ್ಯೂಬು ಹಬೆಗೆ ತಣ್ಣಗೆ ತಾಗುವುದಿಲ್ಲ. ಹೌದು, ಇದ್ದರೂ ಇರಬಹುದು.

ಮಾರ್ಚ್ ೧೮, ಬುಧವಾರ

ಬಿಚ್ಚಿದೆವು. ಮೇಲಿನ ಸಾಲುಗಳಲ್ಲಿ ಕಪ್ಪು ಎಣ್ಣೆ ಬೆರಳು ಹೂತುಹೋಗುವಷ್ಟು ದಪ್ಪ. ಅಪ್ಪ ಮಲಗಿದಲ್ಲಿಂದಲೇ ಸರಿಯಾಗಿ ಹೇಳಿದ್ದ. ಸೋಡಾ ನೀರು ಕುದಿಸಿ, ಬಟ್ಟೆ ಸುತ್ತಿದ ಕೋಲಿನಿಂದ ತಿಕ್ಕಿದೆವು. ಕೈ ಸುಲಿದುಹೋಯಿತು.

ಒಂದೇ ಸಮಾಧಾನವೆಂದರೆ ಕೆಳಗಿನ ಅರ್ಧದ ಟ್ಯೂಬುಗಳಿಗೆ ಏನೂ ಆಗಿಲ್ಲ.

"ಇವು ಕನ್ನಡಿ ಇದ್ದ ಹಾಗಿವೆ ಅಕ್ಕಾ. ಇವಕ್ಕೆ ಸೋಡಾ ನೀರು ದಂಡ" ಅಂದ ನಿಧಾನಪ್ಪ.

"ಪುಣ್ಯಾತ್ಮ ಟ್ಯೂಬುಗಳು. ಬಿಡು" ಅಂದೆ. ಅರ್ಧ ಕೆಲಸ ಉಳಿಯಿತು.

ಮನೆಗೆ ಬಂದು ಅಪ್ಪನಿಗೂ ಹೇಳಿದೆ. ಹೊಸದರಂತೆ ಹೊಳೆಯುತ್ತಿವೆ ಅಂದಾಗ ಬಾಯಿಯ ಒಂದು ಪಕ್ಕ ನಕ್ಕ. ಒಳ್ಳೆಯ ಹಿತ್ತಾಳೆ ಆರಿಸಿದ್ದೆ ಎಂದು ಹೆಮ್ಮೆ. ಇಬ್ಬರೂ ಖುಷಿಯಾಗಿದ್ದೆವು.

ಮಾರ್ಚ್ ೨೧, ಶನಿವಾರ

ಹುಚ್ಚು ಹಿಡಿಯುವುದೊಂದು ಬಾಕಿ. ಇಷ್ಟೆಲ್ಲ ತೊಳೆದು ಬಳಿದು ಮುಳ್ಳು ಎಷ್ಟು? ಇಪ್ಪತ್ತೊಂದು. ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದು ನಿಂತೆವು. ಯಜಮಾನರು ಬಂದು ನೋಡಿ, ಏನೂ ಅನ್ನದೆ ಹೋದರು. ಬೈದಿದ್ದರೆ ತಿರುಗಿ ಅನ್ನಬಹುದಿತ್ತು.

ಸಾಕಾಗಿ ಕಂಡೆನ್ಸರಿನ ತುದಿಯ ನೀರಿನ ಪೆಟ್ಟಿಗೆಗೆ ಒರಗಿ ನಿಂತೆ. ಟ್ಯೂಬುಗಳಲ್ಲಿ ಹರಿದ ತಣ್ಣೀರು ಹಬೆಯ ಬಿಸಿ ಹೀರಿಕೊಂಡು ಬಂದು ಸೇರುವ ಪೆಟ್ಟಿಗೆ ಅದು. ಬೆನ್ನಿಗೆ ಬಿಸಿ ತಟ್ಟಿತು. ಸೊಂಟದ ಕೆಳಗೆ ಬಿಸಿ ಇಲ್ಲ. ತಿರುಗಿ ಅಂಗೈ ಇಟ್ಟು ನೋಡಿದೆ. ಮೇಲಿನ ಅರ್ಧ ಬಿಸಿ, ಕೆಳಗಿನ ಅರ್ಧ ಹೂಜಿಯ ಹಾಗೆ ತಣ್ಣಗೆ.

ಕೆಳಗಿನ ಟ್ಯೂಬುಗಳ ನೀರು ಹೋದ ಹಾಗೇ ವಾಪಸು ಬಂದಿದೆ. ಅಂದರೆ ಅಲ್ಲಿಗೆ ಹಬೆ ಬರುತ್ತಲೇ ಇಲ್ಲ! ಹಬೆ ಬಾರದಿದ್ದರೆ ಎಣ್ಣೆ ಎಲ್ಲಿಂದ ಬರಬೇಕು? ಪುಣ್ಯಾತ್ಮ ಟ್ಯೂಬುಗಳಂತೆ! ಸೋಮಾರಿ ಟ್ಯೂಬುಗಳು! ಅವುಗಳ ಹೊಳಪು ನೋಡಿ ನಾನೂ ಅಪ್ಪನೂ ಮಳ್ಳರ ಹಾಗೆ ಹಿಗ್ಗಿದ್ದೆವು.

ಮೇಲೆ ಟ್ಯೂಬು ತುರುಕಿ ತುರುಕಿ ಹಬೆಗೆ ಕೆಳಗಿಳಿಯಲು ದಾರಿಯೇ ಉಳಿದಿಲ್ಲ. ಬಸ್ಸಿನ ಬಾಗಿಲಲ್ಲೇ ಎಲ್ಲರೂ ಜಮಾಯಿಸಿ, ಹಿಂದಿನ ಸೀಟುಗಳು ಖಾಲಿ ಹೊಡೆಯುವ ಹಾಗೆ. ಕೆಳಗೆ ತುಂಬಿಕೊಂಡಿರುವುದು ಬರೀ ಗಾಳಿ. ಅದು ನೀರಾಗುವುದಿಲ್ಲ, ಹಿಂದಿನಿಂದ ತಳ್ಳುವ ಹಬೆಯಿಲ್ಲದೆ, ಅದನ್ನು ಹೊರಗೆಳೆಯುವ ಪಂಪಿನ ಬಾಯಿಗೂ ಹೋಗುವುದಿಲ್ಲ. ನಾವು ಎರಡು ಸಾಲು ಹೆಚ್ಚಿಸಿದಾಗ ಮುಳ್ಳು ಇಳಿದದ್ದು ಯಾಕೆಂದು ಈಗ ತಿಳಿಯಿತು.

ಟ್ಯೂಬು ಹಾಕುವುದಲ್ಲ, ತೆಗೆಯಬೇಕು. ಮೇಲಿಂದ ಕೆಳಗಿನವರೆಗೆ ಓಣಿಗಳಂತೆ ದಾರಿ ಬಿಡಬೇಕು.

ಓಡೋಡಿ ಬಂದೆ. ಚಪ್ಪಲಿ ಕಾಲಲ್ಲೇ ಅಪ್ಪನ ಕೋಣೆಗೆ ನುಗ್ಗಿದೆ ಎಂದು ಅತ್ತೆ ಬೈದಳು. ಅಪ್ಪ ನಿದ್ದೆಯಲ್ಲಿದ್ದ. ಏಳಲಿ ಎಂದು ಬೇಕೆಂದೇ ಸ್ಟೂಲು ಎಳೆದು ಸದ್ದು ಮಾಡಿದೆ. ಏಳಲಿಲ್ಲ.

ಮಾರ್ಚ್ ೨೨, ಭಾನುವಾರ

ಹೇಳಬಾರದಿತ್ತು.

ಸ್ಲೇಟಿನ ಮೇಲೆ ಸಾಲುಗಳನ್ನು ಬರೆದು, ಒಂದೊಂದಾಗಿ ಅಳಿಸಿ ತೋರಿಸಿದೆ. ಇಲ್ಲಿ ಒಂದು ಓಣಿ, ಇಲ್ಲಿ ಒಂದು. ಅಪ್ಪ ಅಳಿಸಿದ ಜಾಗವನ್ನೇ ನೋಡುತ್ತಿದ್ದ. ಆಮೇಲೆ ಎಡಗೈಯಿಂದ ಸ್ಲೇಟು ತಳ್ಳಿದ. ಅದು ಗಂಜಿ ಬಟ್ಟಲಿಗೆ ಬಡಿದು ಎರಡೂ ನೆಲಕ್ಕೆ ಬಿದ್ದವು.

"ಬೇಡ."

"ಯಾಕೆ ಬೇಡ? ಪೆಟ್ಟಿಗೆ ತಣ್ಣಗಿದೆ ಅಪ್ಪ, ನಾನೇ ಮುಟ್ಟಿ ನೋಡಿದ್ದೀನಿ."

"ಬೇಡ ಅಂದೆ."

"ಕಾರಣ ಹೇಳು, ಬಿಡ್ತೀನಿ."

ಗೋಡೆ ಕಡೆ ಮುಖ ತಿರುಗಿಸಿದ. ಅತ್ತೆ ಬಟ್ಟಲಿನ ಚೂರು ಆರಿಸುತ್ತ, "ಹತ್ತು ವರ್ಷದ ಹುಡುಗ ಆಗಿದ್ದಾಗಲೂ ಹೀಗೇ, ಅವನ ಗಾಳಿಪಟ ಯಾರಾದ್ರೂ ಮುಟ್ಟಿದ್ರೆ" ಅಂದಳು. ಗೋಡೆಯ ಕಡೆಯಿಂದ ಸಣ್ಣದೊಂದು ಗುರ್ ಎಂಬ ಸದ್ದು ಬಂತು.

ನನಗೆ ಕೋಪ ನೆತ್ತಿಗೇರಿದೆ. ಅವನು ಮಾಡಿದ್ದು ಗುಜರಿಗೆ ಹೋಗಬಾರದು ಎಂದು ನಾನು ಕೈ ಸುಲಿಸಿಕೊಳ್ಳುತ್ತಿದ್ದರೆ ಅವನಿಗೆ ಒಂದು ಟ್ಯೂಬು ಅಳಿಸಿದ್ದೇ ದೊಡ್ಡದು. ತೆಗೆದೇ ತೆಗೆಯುತ್ತೇನೆ. ಕೇಳಿದರೆ ಕೇಳಲಿ, ಬಿಟ್ಟರೆ ಬಿಡಲಿ.

ಮಾರ್ಚ್ ೨೬, ಗುರುವಾರ

ತೆಗೆದೆ. ಮೊದಲು ಹೊಸದಾಗಿ ಹಾಕಿದ ಎರಡು ಸಾಲು. ಆಮೇಲೆ ಎರಡು ಪಕ್ಕಗಳಲ್ಲೂ ಮೇಲಿಂದ ಕೆಳಕ್ಕೆ ಒಂದೊಂದು ಓಣಿ. ತೂತುಗಳಿಗೆ ಹಿತ್ತಾಳೆ ಬಿರಡೆ ಹೊಡೆದೆವು. ನಿಧಾನಪ್ಪ ಪ್ರತಿ ಟ್ಯೂಬನ್ನೂ ಮಗುವನ್ನು ಮಲಗಿಸುವ ಹಾಗೆ ಗೋಣಿಯ ಮೇಲೆ ಮಲಗಿಸಿದ. "ಮನೇಲಿ ದೊಡ್ಡೋರಿಗೆ ಗೊತ್ತಾ ಅಕ್ಕಾ?" ಎಂದು ಕೇಳಿದ. "ನಿನ್ನ ಕೆಲಸ ನೋಡು" ಅಂದೆ.

ಮುಳ್ಳು ಏಳುವುದನ್ನು ಕಣ್ಣಾರೆ ನೋಡಿದೆ. ಇಪ್ಪತ್ತೆರಡು. ಇಪ್ಪತ್ತಮೂರು. ಇಪ್ಪತ್ತನಾಲ್ಕೂವರೆಗೆ ಹೋಗಿ ನಿಂತಿತು. ನಾನು ಕೂಗಿಯೇಬಿಟ್ಟೆ. ನಿಂತೇ ಇತ್ತು. ಕೂಗಿದ್ದು ವ್ಯರ್ಥವಾಯಿತು.

ನಡುವೆ ಇನ್ನೊಂದು ಓಣಿ ತೆಗೆದರೆ ಇಪ್ಪತ್ತಾರು ದಾಟುತ್ತದೆ, ನನಗೆ ಖಂಡಿತ ಗೊತ್ತು. ಆದರೆ ಹೊತ್ತಿಲ್ಲ. ಬಿರಡೆಯೂ ಸಾಲದು. ನಡುಸಾಲು ತೆಗೆದರೆ ಟ್ಯೂಬುಗಳ ತುದಿ ಹಿಡಿದಿರುವ ತಗಡು ಸಡಿಲವಾದರೂ ಆಗಬಹುದು. ಹಳೆಯ ಬಿಗಿ, ಬರುತ್ತದೋ ಇಲ್ಲವೋ. ಅಪ್ಪ ಈ ಕಂಡೆನ್ಸರನ್ನು ಶುರು ಮಾಡಿದ್ದೇ ಆ ಸಾಲಿನಿಂದ. ಅದನ್ನು ಕೂರಿಸಿದ ಸಂಜೆ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದ್ದ. ಇರಲಿ, ಅದು ಬೇರೆ ವಿಷಯ. ಬಿರಡೆ ಸಾಲದು.

ನಾಡಿದ್ದು ಕಂಪನಿಯವನು ಬರುತ್ತಾನೆ. ಕಡಿಮೆ ಬಿದ್ದ ಒಂದೂವರೆಗೆ ಕಣ್ಣು ಮುಚ್ಚಿಕೊಳ್ಳಿ ಎಂದು ಯಜಮಾನರನ್ನು ಬೇಡಿಕೊಳ್ಳಬೇಕೇನೋ.

ಮನೆಯಲ್ಲಿ ಅಪ್ಪ ಭಾನುವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಇವತ್ತೂ ಅವನ ಮಂಚದ ಪಕ್ಕ ಕೂತು, ಅವನು ಕೇಳದಿದ್ದರೂ ಎಲ್ಲ ಹೇಳಿದೆ, ಇಪ್ಪತ್ತನಾಲ್ಕೂವರೆ ಎಂದೂ ಹೇಳಿದೆ. ಕಣ್ಣು ಮುಚ್ಚಿಕೊಂಡಿದ್ದ. ರೆಪ್ಪೆ ಅಲುಗುತ್ತಿತ್ತು. ಯಾವ ಸಾಲು ತೆಗೆದೆ, ಯಾವುದು ಬಿಟ್ಟೆ ಎಂದು ಮಾತ್ರ ಹೇಳಲಿಲ್ಲ.

ಮಾರ್ಚ್ ೨೮, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಎಂಜಿನ್ ಮನೆಯ ಬಾಗಿಲಿಗೆ ತಳ್ಳುಗಾಡಿ ಬಂತು. ಹತ್ತಿಯ ಮೂಟೆ ಸಾಗಿಸುವ ಗಾಡಿ. ಅದರಲ್ಲಿ ದಿಂಬಿಗೆ ಒರಗಿ ಅಪ್ಪ, ಹಿಂದೆ ಅತ್ತೆ, ಮೈಯೆಲ್ಲ ಬೆವರು.

"ಬೈಬೇಡ" ಅಂದಳು ಅತ್ತೆ. "ಬೆಳಿಗ್ಗೆ ಎದ್ದವನೇ ಶರಟು ಶರಟು ಅಂತ ಹಟ. ಹಾಕಿದ್ಮೇಲೆ ಬಾಗಿಲು ತೋರಿಸಿದ. ನಾನೇನು ಮಾಡ್ಲಿ? ಬೀದಿಯುದ್ದಕ್ಕೂ ಎಲ್ಲರೂ ನಮ್ಮನ್ನೇ ನೋಡಿದ್ರು."

ನಿಧಾನಪ್ಪ ಒಂದೇ ಜಿಗಿತಕ್ಕೆ ಹೋಗಿ ಕುರ್ಚಿ ತಂದ. ಅಪ್ಪ ಕೂರಲಿಲ್ಲ. ನನ್ನ ಹೆಗಲು ಹಿಡಿದು, ಕಾಲೆಳೆದುಕೊಂಡು ಕಂಡೆನ್ಸರಿನ ತುದಿಗೆ ಬಂದ. ನೀರಿನ ಪೆಟ್ಟಿಗೆಯ ಮೇಲೆ ಎಡ ಅಂಗೈ ಇಟ್ಟ. ಮೇಲೆ, ಆಮೇಲೆ ಎಡಕ್ಕೆ, ಬಲಕ್ಕೆ, ಕೆಳಗೆ. ಡಾಕ್ಟರು ಹೊಟ್ಟೆ ಒತ್ತಿ ನೋಡುವ ಹಾಗೆ. ಕೆಳಗೆ ನಟ್ಟನಡುವೆ ಕೈ ನಿಂತಿತು. ಅಲ್ಲಿ ಇನ್ನೂ ತಣ್ಣಗಿದೆ ಎಂದು ನನಗೂ ಗೊತ್ತಿತ್ತು. ಗೋಣಿಯ ಮೇಲೆ ಮಲಗಿಸಿದ್ದ ಟ್ಯೂಬುಗಳನ್ನು ನೋಡಿದ. ನಾನು ಬೈಗುಳಕ್ಕೆ ತಯಾರಾಗಿ ನಿಂತೆ.

"ನಡುಸಾಲು. ಯಾಕೆ ಬಿಟ್ಟೆ?"

"ಬಿರಡೆ ಸಾಲದು."

ನಿಧಾನಪ್ಪ ಹಿಂದಿನಿಂದ, "ಇವೆಯಲ್ಲ ಅಕ್ಕಾ, ಒಂದು ಡಬ್ಬಿ ತುಂಬಾ" ಅಂದ. ಬೇಕಾದಾಗ ಒಂದು ಗಂಟೆ ಯೋಚಿಸುವ ಮನುಷ್ಯ ಇವತ್ತು ತಟ್ಟನೆ ಬಾಯಿಬಿಟ್ಟ.

ಅಪ್ಪ ನನ್ನನ್ನೇ ನೋಡುತ್ತಿದ್ದ. ಸುಳ್ಳು ಹೇಳಿ ದಕ್ಕಿಸಿಕೊಳ್ಳಲು ಅವನ ಮುಂದೆ ನನಗೆ ಯಾವತ್ತೂ ಆಗಿಲ್ಲ.

"ನೀನು ಮೊದಲು ಹಾಕಿದ ಸಾಲು ಅಪ್ಪ ಅದು. ನನಗೆ ಕೈ ಬರಲಿಲ್ಲ" ಅಂದೆ.

ಮಾತು ಹುಡುಕುತ್ತಿದ್ದ ಅನ್ನಿಸುತ್ತದೆ, ತುಟಿ ಅಲುಗುತ್ತಿತ್ತು.

"ನಾನು ಸತ್ತ ಮೇಲೆ ತೆಗೀತಿದ್ಯಾ?"

ಹೌದು ಎಂಬುದೇ ಉತ್ತರವಾಗಿತ್ತು. ಎಂದೋ ಒಂದು ದಿನ ತೆಗೆಯುತ್ತಿದ್ದೆ, ಅವನು ನೋಡಲಾರದ ದಿನ. ಅದು ಅವನಿಗೆ ಗೊತ್ತಾಯಿತು. ನನ್ನ ಮುಖ ಯಾವಾಗಲೂ ಹಾಗೆ, ಎಲ್ಲ ಹೇಳಿಬಿಡುತ್ತದೆ.

"ಈಗ ತೆಗಿ" ಅಂದ ಅಪ್ಪ. "ಇದು ಕೆಲಸ ಮಾಡೋದು. ನಾನು. ನೋಡ್ಬೇಕು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ನಿಂತ್ಕೊಂಡು ಏನು ನೋಡ್ತೀಯಾ? ಹೇಳಿದ್ದು ಮಾಡು" ಎಂದು ನನ್ನ ಮೇಲೆ ರೇಗಿದಳು.

ಹಬೆಯನ್ನು ಮಾಡಿನ ಪೈಪಿಗೆ ತಿರುಗಿಸಿ, ಪೆಟ್ಟಿಗೆಯ ಮುಚ್ಚಳ ಇಳಿಸಿದೆವು. ಅಪ್ಪ ಕುರ್ಚಿಯಲ್ಲಿ ಕೂತು ಕೆಲಸ ಹೇಳಿದ. ಹೇಳಿದ್ದೆಲ್ಲ ತಪ್ಪು ಹುಡುಕುವುದೇ: ಸ್ಪ್ಯಾನರ್ ಹಿಡಿಯುವುದು ಹಾಗಲ್ಲ, ಎಳೆಯಬೇಡ, ತಿರುಗಿಸುತ್ತ ಎಳೆ, ಇಷ್ಟು ಜೋರಾಗಿ ಯಾರು ಬಡಿಯುತ್ತಾರೆ. ನಾನೂ ಬಿಡಲಿಲ್ಲ. "ನೀನು ಇಷ್ಟು ಬಿಗಿ ಮಾಡದೇ ಇದ್ದಿದ್ರೆ ನಾನು ಬಡೀತಾ ಇರಲಿಲ್ಲ" ಅಂದೆ. "ಸೋರಿತಾ? ಒಂದಾದ್ರೂ?" ಎಂದ. ಸೋರಿರಲಿಲ್ಲ, ಒಂದೂ. ಆ ಸಾಲಿನ ಮೊದಲ ಟ್ಯೂಬು ಈಚೆ ಬಂದಾಗ ಅದನ್ನು ಅವನ ತೊಡೆಯ ಮೇಲಿಟ್ಟೆ. ಹೆಬ್ಬೆರಳಿನಿಂದ ಉದ್ದಕ್ಕೂ ಸವರಿ, ನಿಧಾನಪ್ಪನ ಕೈಗೆ ಕೊಟ್ಟು, "ಮುಂದಿನದು" ಅಂದ. ಎಲ್ಲವನ್ನೂ ಹಾಗೇ ಮಾಡಿದ.

ಊಟದ ಹೊತ್ತು ಕಳೆದ ಮೇಲೆ ಹಬೆ ಬಿಟ್ಟೆವು. ಮುಳ್ಳು ಇಪ್ಪತ್ತನಾಲ್ಕು ದಾಟಿ, ಇಪ್ಪತ್ತೈದು ದಾಟಿ, ಇಪ್ಪತ್ತಾರರ ಮೇಲೂ ಒಂದು ಕೂದಲೆಳೆ ಹೋಗಿ ನಿಂತಿತು. ಎಂಜಿನ್ನಿನ ದೊಡ್ಡ ಗಾಲಿಯ ಸದ್ದು ಬದಲಾದದ್ದು ಎಲ್ಲರಿಗೂ ಕೇಳಿಸಿತು. ಅಪ್ಪ ಕುರ್ಚಿಯಿಂದ ಮುಂದೆ ಬಾಗಿ ಮುಳ್ಳನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಮುಳ್ಳನ್ನು ನೋಡಿದ. ನನಗೆ ಅಳು ಬಂತು, ಬೆನ್ನು ಮಾಡಿ ನಿಂತು ಕಣ್ಣೊರೆಸಿಕೊಂಡೆ.

ಯಜಮಾನರು ಕಂಪನಿಯವನನ್ನು ಕರೆದುಕೊಂಡು ಬರುವ ಹೊತ್ತಿಗೆ ಅಪ್ಪ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಬಾಯಿ ಅರ್ಧ ತೆರೆದಿತ್ತು. ಪಕ್ಕದಲ್ಲಿ ಪಿಸ್ಟನ್ ಬಡಿಯುತ್ತಿದೆ, ಬೆಲ್ಟು ಚಟಪಟ ಅನ್ನುತ್ತಿದೆ, ಎದುರಿಗೆ ನಿಂತವರ ಮಾತು ಕೇಳಿಸದಷ್ಟು ಗದ್ದಲ, ಅವನಿಗೆ ಅದರ ಪರಿವೆಯೇ ಇಲ್ಲ. ಯಜಮಾನರು ಗೇಜು ನೋಡಿ, "ಅರೆ! ಇಪ್ಪತ್ತಾರು!" ಎಂದು ಕೂಗಿದರು. ನಾನು ತುಟಿಯ ಮೇಲೆ ಬೆರಳಿಟ್ಟು, "ಸ್ವಲ್ಪ ಮೆಲ್ಲಗೆ ಮಾತಾಡಿ, ಅಪ್ಪ ಈಗಷ್ಟೇ ಮಲಗಿದ್ದಾನೆ" ಅಂದೆ. ಇಬ್ಬರೂ ನನ್ನನ್ನು, ಓಡುತ್ತಿದ್ದ ಎಂಜಿನ್ನನ್ನು ಒಂದು ಸಲ ನೋಡಿ, ತುದಿಗಾಲಲ್ಲಿ ಆಚೆ ಹೋದರು.